ಎಡಗಡೆಯ ಗುಡುಕ್

ಗುಡುಕ್.

ಮನೆಯ ತಿರುವಿನಲ್ಲಿ ವೇಗ ತಡೆಯಲು ಹಾಕಿದ ಹಂಪು ಇಳಿಯುವಾಗ ಕಾರಿನ ಎಡಭಾಗದಿಂದ ಆ ಸದ್ದು ಬಂತು. ರಘೂತ್ತಮರಾಯರು ರೇಡಿಯೋ ನಿಲ್ಲಿಸಿದರು, ಕಿಟಕಿಯ ಗಾಜು ಏರಿಸಿದರು, ಪಕ್ಕದಲ್ಲಿ ಕುಳಿತ ಹೆಂಡತಿ ಸುಹಾಸಿನಿಗೆ ಉಸಿರು ಬಿಗಿಹಿಡಿಯಲು ಹೇಳಿದರು. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು ಬಂತು. ದಾರಿ ಬಿಡಲು ರಸ್ತೆಯ ಅಂಚಿಗೆ ಇಳಿದರು. ಗುಡುಕ್. ಮರಳಿ ಏರಿದರು. ಗುಡುಕ್.

"ಇನ್ನ ಉಸಿರು ಬಿಡ್ಲ್ಯಾ?" ಎಂದಳು ಸುಹಾಸಿನಿ.

"ಬಿಡು. ಶಾಕಪ್ ಹೋಗೇದ."

ಗಾಲಿಗೆ ಬಿದ್ದ ಪೆಟ್ಟು ಒಳಗೆ ಕೂತವರ ಸೊಂಟಕ್ಕೆ ತಲುಪದಂತೆ ನಡುವೆ ನಿಂತು ನುಂಗಿಕೊಳ್ಳುವ ಕೊಳವೆಗೆ ಶಾಕಪ್ ಎನ್ನುತ್ತಾರೆ ಎಂದು ರಾಯರಿಗೆ ಗೊತ್ತಾಗಿ ಮೂರು ದಿನವಾಗಿತ್ತಷ್ಟೆ. ಆದರೆ ದನಿಯಲ್ಲಿ ಮೂವತ್ತು ವರ್ಷದ ಅನುಭವವಿತ್ತು.

ಬೇರೆ ದಿನಗಳಾಗಿದ್ದರೆ ಸದ್ದು ತನ್ನ ಪಾಡಿಗೆ ತಾನಿರುತ್ತಿತ್ತು. ಬರುವ ಶುಕ್ರವಾರ ಮುಧೋಳದಿಂದ ಮಗಳು ಮೃಣ್ಮಯಿಯನ್ನು ಚೊಚ್ಚಲ ಬಾಣಂತನಕ್ಕೆ ಜಮಖಂಡಿಗೆ ಕರೆತರಬೇಕಿತ್ತು. ಮದುವೆಯಾದ ಆರು ವರ್ಷಕ್ಕೆ ನಿಂತ ಬಸಿರು, ಈಗ ಏಳು ತಿಂಗಳು. ಸೀಮಂತದ ಕುಬಸಕ್ಕೆ ಹೋದಾಗ ಅಂಗಳದಲ್ಲಿ ನಿಂತು ಆ ಸದ್ದನ್ನು ಕೇಳಿದ ಬೀಗಿತಿ ವರದಾಬಾಯಿ ಮೆತ್ತಗೆ ಹೇಳಿಬಿಟ್ಟಿದ್ದರು: "ಬೀಗರ, ಧಕ್ಕಿ ಬಡೀಬಾರದು ಅಂತ ಡಾಕ್ಟರು ಹೇಳ್ಯಾರ. ಸಪ್ಪಳ ನಿಂತ್ರ ಗಾಡಿ ತರ್ರಿ. ಇಲ್ಲಾಂದ್ರ ಬಾಣಂತನ ನಾವೇ ಮಾಡ್ತೀವಿ."

ಅಂದಿನಿಂದ ಸುಹಾಸಿನಿ ಅಂಟಿನ ಉಂಡಿಗೆಂದು ತಂದಿಟ್ಟ ಅಂಟು, ಉತ್ತತ್ತಿಯ ಡಬ್ಬಿಗಳನ್ನು ದಿನಕ್ಕೆರಡು ಸಲ ತೆರೆದು ನೋಡಿ ಮುಚ್ಚುತ್ತಿದ್ದಳು. ಅಟ್ಟದಿಂದ ಇಳಿಸಿದ ತೊಟ್ಟಿಲನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು.

"ಬಾಡಿಗಿ ಗಾಡಿ ಮಾಡೋಣು ಅಲ್ರಿ."

"ಮನ್ಯಾಗ ಗಾಡಿ ಇಟಗೊಂಡು ಮಗಳನ್ನ ಬಾಡಿಗಿ ಗಾಡ್ಯಾಗ ತರ್ಲ್ಯಾ? ಶಾಕಪ್ ನಾನೇ ಆರಿಸಿ ಹಾಕಸ್ತೀನಿ. ಶುಕ್ರವಾರ ನೀರಿನ ಗ್ಲಾಸು ಕೈಯಾಗ ಹಿಡಕೊಂಡು ಕೂಡು, ಒಂದು ಹನಿ ತುಳುಕಿದ್ರ ಕೇಳು."

"ಅಡ್ಡಿಯಿಲ್ಲ. ನಾ ಐದು ದೇವರಿಗೆ ಬೇಡಕೊಂಡೀನಿ. ಎಲ್ಲಾ ಸುಸೂತ್ರ ಆಗ್ತದ."

ರಾಯರು ನಕ್ಕರು. ಹೆಂಡತಿಯ ಹರಕೆಗಳಿಗೆ ನಗುವುದು ಅವರ ಸಂಸಾರದ ಹಳೆಯ ಪದ್ಧತಿ. "ನಿನ್ನ ಅರ್ಜಿ ಐದೂ ಆಫೀಸಿನ್ಯಾಗ ಪೆಂಡಿಂಗ್ ಬಿದ್ದಿರ್ತಾವ. ಇದು ಯಂತ್ರ, ಸುಹಾಸ. ಯಂತ್ರಕ್ಕ ಅಳತಿ ಬೇಕು, ಹರಕಿ ಅಲ್ಲ."

ಅಳತೆ ಅವರ ಹೊಟ್ಟೆಪಾಡು. ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ, ಬೀಳಗಿಯಿಂದ ತೇರದಾಳದವರೆಗೆ, ಅಣ್ಣತಮ್ಮಂದಿರು ರಾತ್ರೋರಾತ್ರಿ ಸರಿಸಿದ ಬದುಗಳನ್ನು ಹಗಲಿನಲ್ಲಿ ಹಿಡಿದು ಕಲ್ಲು ನೆಡಿಸಿದವರು. ಅನಗವಾಡಿಯ ಬಳಿ ಹೊಳೆ ನುಂಗಿದ ಗಡಿಯನ್ನು ಸಹ ನೀರಿನೊಳಗಿಂದ ಎಳೆದು ತಂದು ನಕ್ಷೆಯ ಮೇಲೆ ಕೂರಿಸಿದವರು. ಹನ್ನೆರಡು ಅಡಿಯ ಗಾಡಿಯಲ್ಲಿ ಒಂದು ಸದ್ದು ಅವರಿಂದ ತಪ್ಪಿಸಿಕೊಂಡು ಎಲ್ಲಿಗೆ ಓಡೀತು?

ಸೋಮವಾರ ಕಚೇರಿಗೆ ವಾರದ ರಜೆ ಹಾಕಿ, ಬೆಳಗ್ಗೆ ಟೇಪು ಹಿಡಿದು ಅಂಗಳಕ್ಕೆ ಇಳಿದರು. ನಾಲ್ಕೂ ಮೂಲೆಯಲ್ಲಿ ನೆಲದಿಂದ ಗಾಡಿಯ ಎತ್ತರ ಅಳೆದು ವಹಿಯಲ್ಲಿ ಬರೆದುಕೊಂಡರು. ಎಡಗಡೆ ಮುಕ್ಕಾಲು ಇಂಚು ಕುಸಿದಿತ್ತು. ಗೆದ್ದವರಂತೆ ಆ ವಹಿಯನ್ನು ಗ್ಯಾರೇಜಿಗೆ ಒಯ್ದು ಮೆಕ್ಯಾನಿಕ್ ಗುರಪ್ಪನ ಮುಂದೆ ಹಿಡಿದರು.

ಗುರಪ್ಪ ವಹಿ ನೋಡಲಿಲ್ಲ. ಗಾಡಿಯ ಮೂತಿಯನ್ನು ಎರಡು ಸಲ ಒತ್ತಿ ಬಿಟ್ಟ, ಕೆಳಗೆ ಬಗ್ಗಿ ಬೆರಳಾಡಿಸಿದ. "ಶಾಕಪ್ ಹಳೇವು ಖರೆ. ಆದ್ರ ಎಣ್ಣಿ ಸೋರಿಲ್ಲ, ಸಾಹೇಬ್ರ. ಈ ಸಪ್ಪಳ ಅವುರ್ದಲ್ಲ ಅನಸ್ತೈತಿ."

"ಎಡಗಡೆ ಮುಕ್ಕಾಲು ಇಂಚು ಇಳದದ, ಗುರಪ್ಪ."

"ಸಪ್ಪಳಕ್ಕ ಇಂಚು ಇರ್ತೈತೇನ್ರಿ?"

"ಇರ್ತದ."

"ಹಂಗಾರ ಸಾಮಾನು ತರ್ರಿ, ಕೂಡಸ್ತೇನಿ. ನಿಮ್ಮ ಗಾಡಿ, ನಿಮ್ಮ ಇಂಚು."

ಮನೆಗೆ ಮರಳಿ ಗಾಡಿಯನ್ನು ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆದರು. ಈಗ ಬಲಗಡೆ ಮುಕ್ಕಾಲು ಇಂಚು ಇಳಿದಿತ್ತು. ರಾಯರು ಟೇಪನ್ನು ಒದರಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ಅಳೆದರು. ಸುಹಾಸಿನಿ ತುಳಸಿಗೆ ನೀರು ಹಾಕುತ್ತ ಅಂದಳು: "ಅಂಗಳ ಇಳಕಲ ಅದರಿ. ಮಳಿನೀರು ತುಳಸಿಕಟ್ಟಿ ಕಡೆ ಹೋಗ್ಲಿ ಅಂತ ನೀವೇ ಅಳದು ಮಾಡ್ಸೀರಿ."

ರಾಯರು ಆ ಪುಟವನ್ನು ಹರಿದು ಜೇಬಿನಲ್ಲಿಟ್ಟುಕೊಂಡರು. ಆದರೆ ಆಡಿದ ಮಾತು ಗ್ಯಾರೇಜಿನಲ್ಲಿ ಉಳಿದಿತ್ತಲ್ಲ; ಸಂಜೆ ಗಂಗಾರಾಮನ ಬಿಡಿಭಾಗದ ಅಂಗಡಿಗೆ ಹೋದರು.

"ಎಣ್ಣಿದು ಬೇಕೋ, ಗ್ಯಾಸಿಂದು ಬೇಕೋ?" ಎಂದು ಗಂಗಾರಾಮ ಕೇಳಿದ.

"ಯಾವುದು ಛಲೋ?"

"ಎಣ್ಣಿದು ಮೆತ್ತಗ. ಗ್ಯಾಸಿಂದು ಗಟ್ಟಿ."

"ಬಸರಿ ಹೆಣ್ಣುಮಗಳು ಕೂಡೋದದ."

"ಹಂಗಾರ ಎಣ್ಣಿದ ಒಯ್ರಿ. ಕಬ್ಬಿನ ಗಾಡಿ ಕೆಡಸಿದ ರಸ್ತಾ ಇದ್ರ ಮಾತ್ರ ಗ್ಯಾಸಿಂದು ಒಯ್ರಿ."

"ಬಸರಿ ಹೆಣ್ಣುಮಗಳು, ಕಬ್ಬಿನ ಗಾಡಿ ಕೆಡಸಿದ ರಸ್ತೆದಾಗ."

ಗಂಗಾರಾಮ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಇಷ್ಟು ವರ್ಷದ ವ್ಯಾಪಾರದಲ್ಲಿ ಎರಡನ್ನೂ ಒಟ್ಟಿಗೆ ಯಾರೂ ಕೇಳಿರಲಿಲ್ಲ. ತಪ್ಪಿಸಿಕೊಳ್ಳಲು ಅವನು ಬೇರೆ ಪ್ರಶ್ನೆಗಳನ್ನು ತೆಗೆದ. ಬರೀ ಕೊಳವೆ ಬೇಕೋ, ಸ್ಪ್ರಿಂಗ್ ಸಮೇತ ಬೇಕೋ? ಕಂಪನಿಯದೋ, ಹೊರಗಿನದೋ? ಒಂದೋ, ಜೋಡಿಯೋ? ರಾಯರು ವಹಿ ತೆಗೆದು ಗೆರೆ ಹೊಡೆದು ನೋಡಿದರು. ಒಟ್ಟು ಹದಿನಾರು ದಾರಿಗಳಿದ್ದವು. ನಾಳೆ ಬರುತ್ತೇನೆಂದು ಎದ್ದರು.

ಮಂಗಳವಾರ ಇಡೀ ದಿನ ಫೋನಿನಲ್ಲಿ ವಿಡಿಯೋ ನೋಡಿದರು. ಹಿಂದಿಯವನು ಗ್ಯಾಸಿನದೇ ಉತ್ತಮ ಎಂದ. ಮರಾಠಿಯವನು ಗ್ಯಾಸನ್ನು ಬೈದ. ತಮಿಳಿನವನು ಏನಂದನೋ ತಿಳಿಯಲಿಲ್ಲ, ಆದರೆ ಎಷ್ಟು ಧೈರ್ಯದಿಂದ ಅಂದನೆಂದರೆ ರಾಯರು ಅವನನ್ನೂ ಬರೆದುಕೊಂಡರು. ಊಟದ ತಾಟಿನ ಮುಂದೆ ಭಕ್ಕರಿಯನ್ನು ಒತ್ತಿ ಬಿಟ್ಟು, ಅದು ಎಷ್ಟು ಹೊತ್ತಿಗೆ ಮೇಲೇಳುತ್ತದೆಂದು ನೋಡುತ್ತಿದ್ದರು.

"ಬನಹಟ್ಟ್ಯಾಗ ನಾ ಮೂರು ಸೀರಿ ಮುಂದಿಟಗೊಂಡು ಒಂದು ತಾಸು ಕೂತಿದ್ದಕ್ಕ ಹತ್ತು ವರ್ಷ ಆಡಿಕೊಂಡ್ರಿ," ಎಂದಳು ಸುಹಾಸಿನಿ. "ನಿಮಗೀಗ ಎರಡು ದಿನ ಆತು. ಕೊಳವಿಗೆ ಸೆರಗು ಸೈತ ಇಲ್ಲ."

ಬುಧವಾರ ಅಂಗಡಿಯಿಂದ ಅವಳಿಗೆ ಗುಟ್ಟಾಗಿ ಫೋನು ಮಾಡಿದರು. "ಒಂದು ಕರೀದು ಅದ, ಒಂದು ಕೆಂಪದ. ನಿನಗ ಯಾವುದು ಪಾಡ ಕಾಣ್ತದ?"

"ಕೆಂಪು ತರ್ರಿ. ಮಂಗಳಕಾರ್ಯಕ್ಕ ಕರೀದು ಯಾಕ?"

ಹೀಗೆ ಕೆಂಪು ಬಣ್ಣದ ಗ್ಯಾಸಿನ ಶಾಕಪ್ ಆಯ್ಕೆಯಾಯಿತು. ಗುರಪ್ಪನಿಗೆ ಅವರು ಹೇಳಿದ ತಾಂತ್ರಿಕ ಕಾರಣಗಳೇ ಬೇರೆ.

ಗುರಪ್ಪ ಡಬ್ಬಿ ಬಿಚ್ಚಿ, ಹೊರಳಿಸಿ ನೋಡಿ, ಮತ್ತೆ ಮುಚ್ಚಿದ. "ಇದು ಬಲದ್ದು, ಸಾಹೇಬ್ರ."

"ಎಡದ್ದು. ನಾ ಗಾಡಿ ಎದುರು ನಿಂತು ನೋಡೇ ಬರಕೊಂಡೀನಿ."

"ಎದುರು ನಿಂತ್ರ ಅದು ನಿಮ್ಮ ಎಡ. ಗಾಡೀದು ಬಲ. ಗಾಡಿ ನಿಮ್ಮನ್ನ ನೋಡಾಕತ್ತೈತಿ, ನೀವು ಗಾಡಿನ್ನ ನೋಡಾಕತ್ತೀರಿ."

ಸಾವಿರಾರು ಹೊಲಗಳ ಮೂಡಣ ಪಡುವಣ ಹೇಳಿದವರು ಗ್ಯಾರೇಜಿನ ನಡುವೆ ನಿಂತು ತಮ್ಮ ಎರಡೂ ಕೈ ನೋಡಿಕೊಂಡರು. ಕೊಂಡದ್ದನ್ನು ಗಂಗಾರಾಮ ಹಿಂದಕ್ಕೆ ಪಡೆಯಲಿಲ್ಲ, ಎಡದ್ದನ್ನೂ ತರಬೇಕಾಯಿತು. ಒಂದೋ ಜೋಡಿಯೋ ಎಂಬ ಪ್ರಶ್ನೆ ಹಾಗೆ ತಾನಾಗಿ ಬಗೆಹರಿಯಿತು.

ಗುರುವಾರ ಸಂಜೆಗೆ ಎರಡೂ ಕೂತವು. ರಾಯರು ಗುರಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಗಾಡಿ ಹೊಸ ಮದುಮಗನಂತೆ ನೆಟ್ಟಗೆ ಹೋಯಿತು. ಗುಂಡಿಗಳು ಗುಂಡಿಗಳೆನಿಸಲಿಲ್ಲ. ಏಳೆಂಟು ವರ್ಷದ ಕಿರಿಕಿರಿಗಳೆಲ್ಲ ಅಡಗಿ, ಬಾವಿಯ ತಳದಂಥ ನಿಶ್ಶಬ್ದ ಆವರಿಸಿತು. ಮೊದಲ ಹಂಪು ಬಂತು.

ಗುಡುಕ್.

"ಈಗ ಛಲೋ ಕೇಳಸ್ತೈತಿ ನೋಡ್ರಿ," ಎಂದ ಗುರಪ್ಪ. "ಮೊದಲ ಉಳಿದ ಗದ್ದಲದಾಗ ಮುಚ್ಚಿಹೋಗಿತ್ತು."

ಸದ್ದು ನಿಲ್ಲಲೆಂದು ಶುಕ್ರವಾರ ಕಾಯುವುದಿಲ್ಲ. ಮುಧೋಳದ ದಾರಿಯುದ್ದಕ್ಕೂ ರಾಯರು ಹೆಂಡತಿಗೆ ಪಾಠ ಹೇಳಿಕೊಟ್ಟರು. "ಅವರ ಗೇಟಿನ ಮುಂದ ಒಂದು ಕಲ್ಲಿನ ದಿಬ್ಬ ಅದ. ಗಾಡಿ ಅದನ್ನ ಹತ್ತೋವಾಗ ನೀ ಜೋರಾಗಿ ಮಾತಾಡು."

"ಏನ್ ಮಾತಾಡ್ಲಿ?"

"ಏನರ. ಸಪ್ಪಳ ಮುಚ್ಚಬೇಕಷ್ಟ."

ಸುಹಾಸಿನಿ ಕಿಟಕಿಯಾಚೆ ನೋಡಿದಳು. "ಮೂವತ್ತು ವರ್ಷದಾಗ ಇವತ್ತ ಮೊದಲ ಸಲ ಮಾತಾಡು ಅಂದ್ರಿ. ಈಗೇನೂ ನೆನಪಾಗವಲ್ದು."

ದಿಬ್ಬ ಬಂದಾಗ ಅವಳು "ವರದಾವೈನಿ, ಆರಾಮ ಇದ್ದೀರಿ?" ಎಂದು ಕೂಗಿದಳು. ಆ ಕೂಗು ಮುಗಿದು ಒಂದು ಗಳಿಗೆ ಮೌನವಾದ ಮೇಲೆ, ಸರಿಯಾಗಿ, ಗುಡುಕ್ ಎಂದಿತು.

ಅಂಗಳದಲ್ಲಿ ಬೇಟೆನಾಯಿ ಕಿವಿ ನಿಮಿರಿಸಿತು. ವರದಾಬಾಯಿ ನಿಮಿರಿಸಲಿಲ್ಲ, ಅವರ ಕಿವಿ ಮೊದಲೇ ಸಿದ್ಧವಿತ್ತು. ಮೃಣ್ಮಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಅವಳ ಕಣ್ಣು ತಂದೆಯನ್ನು ಬಿಟ್ಟು ಕದಲಲಿಲ್ಲ.

"ಇನ್ನೂ ಅದ ಅಲ್ರಿ ಬೀಗರ," ಎಂದರು ವರದಾಬಾಯಿ.

"ಹೊಸಾ ಶಾಕಪ್ ಹಾಕ್ಸೀನ್ರಿ. ಕೆಂಪು. ಗ್ಯಾಸಿಂದು."

"ಬಣ್ಣ ತಗೊಂಡು ಏನ್ ಮಾಡ್ಲಿ? ಸರೀರಿ, ನಾನೇ ಕೂತು ನೋಡ್ತೀನಿ. ಓಣಿ ತುದೀತನಕಾ ಒಂದು ಸುತ್ತು ಹೊಡೀರಿ."

ಸುಹಾಸಿನಿ ಇಳಿದಳು. ವರದಾಬಾಯಿ ತುಂಬು ಮೈಯವರು. ಎಡಗಡೆಯ ಮುಂದಿನ ಸೀಟಿನಲ್ಲಿ ಕೂತಾಗ ಮೊಣಕಾಲು ಮುಂದಿನ ಡ್ಯಾಶ್‌ಬೋರ್ಡಿಗೆ ತಾಗಿತು. "ಇದೇನು, ಹಿಂದ ಸರಿಯೂದಿಲ್ಲೇನು?" ಎನ್ನುತ್ತ ಕೆಳಗೆ ಕೈ ಹಾಕಿ ಹಿಡಿಕೆಯೆಳೆದು, ಕಾಲೂರಿ ಸೀಟನ್ನು ಹಿಂದಕ್ಕೆ ದೂಡಿದರು. ಸೀಟಿನ ಅಡಿಯಿಂದ ಏನೋ ಕದಲಿತು. ಗುಡುಕ್ ಎಂದು ಅವರ ಪಾದದ ನಡುವೆ ಉರುಳಿ ಬಂತು.

ಕೆಂಪು ವಸ್ತ್ರದಲ್ಲಿ ಕಟ್ಟಿದ ತೆಂಗಿನಕಾಯಿ.

ವರದಾಬಾಯಿ ಅದನ್ನೆತ್ತಿ ಕಿವಿಯ ಬಳಿ ಅಲುಗಾಡಿಸಿದರು. ಒಳಗಿನ ನೀರೆಲ್ಲ ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟಕಾಗಿತ್ತು. ಗುಡುಕ್, ಗುಡುಕ್. ಎಲ್ಲರೂ ಸುಹಾಸಿನಿಯ ಕಡೆ ನೋಡಿದರು. ಹರಕೆಯ ವಿಷಯದಲ್ಲಿ ರಾಯರ ಮನೆಯಲ್ಲಿ ಬೇರೆ ಯಾರ ಮೇಲೂ ಸಂಶಯ ಬರುವಂತಿರಲಿಲ್ಲ.

"ನಂದಲ್ರಿ," ಎಂದಳು ಸುಹಾಸಿನಿ. "ನನ್ನ ಐದೂ ಕಾಯಿ ದೇವರಮನ್ಯಾಗ ಅವ."

ಗಂಟು ಬಿಚ್ಚಿದಾಗ ನಾಲ್ಕು ಕಾಳು ಅಕ್ಷತೆ, ಮಡಿಚಿದ ಒಂದು ಕಾಗದ ಸಿಕ್ಕವು. ಮೃಣ್ಮಯಿ ಬಿಡಿಸಿದಳು. ನಕ್ಷೆಯ ಮೇಲೆ ಸರ್ವೆ ನಂಬರು ಬರೆವ ಆ ದುಂಡು ಅಕ್ಷರ ಅವಳಿಗೆ ಸಾಲೆಯ ದಿನಗಳಿಂದ ಗೊತ್ತು. ಓದತೊಡಗಿದಳು.

"ಗೆ, ತುಳಸಿಗೇರಿ ಹನುಮಂತದೇವರ ಸನ್ನಿಧಿಗೆ. ವಿಷಯ: ನನ್ನ ಮಗಳು ಚಿ.ಸೌ. ಮೃಣ್ಮಯಿ ಇವಳಿಗೆ ಸಂತಾನ ದಯಪಾಲಿಸುವ ಕುರಿತು. ಉಲ್ಲೇಖ: ಇಂದು ತಮ್ಮ ಎದುರು ನಿಂತು ಮಾಡಿದ ಮೌಖಿಕ ಮನವಿ. ಸದರಿ ಕಾರ್ಯ ಕೈಗೂಡಿದ ವರ್ತಮಾನ ಬಂದ ಕೂಡಲೇ ಈ ಕಾಯಿಯನ್ನು ತಮ್ಮಲ್ಲಿಗೆ ಖುದ್ದಾಗಿ ತಂದು ಒಡೆಯಲಾಗುವುದು." ಕೆಳಗೆ ಸಹಿಯಿತ್ತು. ದಿನಾಂಕ ಹೋದ ವರ್ಷದ್ದು.

ರಾಯರಿಗೆ ಆಗ ನೆನಪು ಬಂತು. ಬಾಗಲಕೋಟೆಯ ಮೀಟಿಂಗಿನಿಂದ ಒಬ್ಬರೇ ಮರಳುವಾಗ ಗುಡಿಯ ಮುಂದೆ ಗಾಡಿ ತಾನಾಗಿ ನಿಂತಂತಾದದ್ದು, ಹೆಂಡತಿ ನಕ್ಕಾಳೆಂದು ಸೀಟಿನ ಕೆಳಗೆ ತುರುಕಿದ್ದು. ಮುಂದೆ ಮಗಳ ಫೋನು ಬಂದ ದಿನ ಕಚೇರಿಗೆಲ್ಲ ಪೇಢೆ ಹಂಚುವ ಭರದಲ್ಲಿ ಅವರು ಕಾಯಿಯನ್ನೇನು, ತಮ್ಮ ಕನ್ನಡಕವನ್ನೂ ಮರೆತಿದ್ದರು.

ಮೃಣ್ಮಯಿ ಕಾಗದವನ್ನು ಮೊದಲಿನ ಮಡಿಕೆಯ ಮೇಲೆಯೇ ಮಡಿಚಿ ಕುಪ್ಪಸದಲ್ಲಿ ಇಟ್ಟುಕೊಂಡಳು.

ವರದಾಬಾಯಿ ಗಾಡಿಯಿಂದ ಇಳಿದರು. "ಹೋಗವಾ, ಕೂಡು. ಇನ್ನ ಯಾರ ಸಪ್ಪಳಾನೂ ಇಲ್ಲ."

ಆದರೆ ಸುಹಾಸಿನಿ ಈಗಷ್ಟೇ ಮಾತಿಗೆ ಸಿದ್ಧಳಾಗಿದ್ದಳು. ದಾರಿಯುದ್ದಕ್ಕೂ ನೆನಪಾಗದ ಮಾತುಗಳೆಲ್ಲ ಸಾಲುಗಟ್ಟಿ ಬಂದವು. "ಅಲ್ರಿ, ನನ್ನ ಅರ್ಜಿ ಪೆಂಡಿಂಗ್ ಅಂದ್ರಿ. ನಿಮ್ಮ ಅರ್ಜಿ ಮಂಜೂರಾಗಿ ಏಳು ತಿಂಗಳಾತು. ಆ ದೇವರು ದಿನಾ ಹಂಪಿಗೊಮ್ಮೆ ನಿಮ್ಮನ್ನ ಕರದು ಕರದು ಹೇಳ್ಯಾನ. ನೀವು ಅವಗ ಶಾಕಪ್ ಹಾಕ್ಸೀರಿ. ಅದೂ ನನ್ನ ಕೇಳಿ ಕೆಂಪು. ಮತ್ತ ಯಂತ್ರಕ್ಕ ಅಳತಿ ಬೇಕು, ಹರಕಿ..."

ರಾಯರು ಬೀಗಿತಿಯ ಕೈಯಿಂದ ಕಾಯಿಯನ್ನು ಮೆಲ್ಲಗೆ ತೆಗೆದುಕೊಂಡರು. ಎಡ ಕಂಕುಳಲ್ಲಿ ಅವುಚಿಕೊಂಡು, ಗಾಡಿಯನ್ನೂ ಮಗಳನ್ನೂ ಮಾತನ್ನೂ ಅಲ್ಲೇ ಬಿಟ್ಟು, ಗೇಟು ದಾಟಿ ನಡೆದೇಬಿಟ್ಟರು.

"ರೀ, ಎಲ್ಲಿಗೆ ಹೊಂಟ್ರಿ? ತುಳಸಿಗೇರಿ ಆ ಕಡೆ ಅಲ್ಲ, ಈ ಕಡೆ."

ಮೂವತ್ತೊಂದು ವರ್ಷ ದಿಕ್ಕು ಹೇಳಿದವರು ತಿರುಗಿ ನೋಡಲಿಲ್ಲ. ದಿಬ್ಬ ಇಳಿದರು. ಗುಡುಕ್.