ಹಲ್ಲಿಯ ಅಂಗಾಲು, ನನ್ನ ತೂಕ

ದಪ್ಪಗಿರುವುದು ತಪ್ಪು ಎಂದು ನಾನು ಇದುವರೆಗೆ ಒಪ್ಪಿಲ್ಲ, ಇನ್ನು ಮುಂದೆ ಒಪ್ಪುವುದೂ ಇಲ್ಲ. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನನ್ನನ್ನು ಕಂಡೊಡನೆ, "ಸರ್, ಮೂರು ಮಂದಿ ಸೀಟಿಗೆ ಹೋಗ್ರಿ" ಎನ್ನುತ್ತಾನೆ. ನಾನು ಬೇಕೆಂದೇ ಇಬ್ಬರ ಸೀಟಿನಲ್ಲಿ, ಅದೂ ಕಿಟಕಿಯ ಪಕ್ಕ, ಕೂರುತ್ತೇನೆ. ಹೊರಗಿನವರನ್ನು ಹೀಗೆ ಎದುರಿಸಬಹುದು. ಮನೆಯ ಮಾತು ಬೇರೆ.

ಮೊನ್ನೆ ಭಾನುವಾರ ನಮ್ಮ ಅಡುಗೆಮನೆಯಲ್ಲಿ, ಒಲೆಯ ನೇರಕ್ಕೆ ಗೋಡೆಯ ಮೇಲ್ತುದಿಯಲ್ಲಿ, ಬೆಂಕಿಕಡ್ಡಿಯಷ್ಟುದ್ದದ ಒಂದು ಮರಿಹಲ್ಲಿ ಬಂದು ಕೂತಿತು. "ಬ್ಯಾಳಿಯಾಗ ಬಿದ್ರ ಏನ್ ಗತಿರೀ? ಅದು ಹೋಗೂತನಕ ಒಲಿ ಹಚ್ಚಂಗಿಲ್ಲ" ಎಂದಳು ಹೆಂಡತಿ ಶಾಂತಾ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹಸಿದಾಗಲೂ ಪಾಠ ನಿಲ್ಲುವುದಿಲ್ಲ. ಹಲ್ಲಿಯ ಬೆರಳಡಿಯ ಸೂಕ್ಷ್ಮ ಕೂದಲುಗಳೇ ಗೋಡೆ ಹಿಡಿಯುತ್ತವೆ. ಅದೇ ಆಕಾರದ ಮೈ ಎರಡು ಪಟ್ಟು ಉದ್ದವಾದರೆ ಅಂಗಾಲಿನ ಹರವು ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಎಂಟು ಪಟ್ಟು. ಹಾಗಾಗಿ ಮರಿಯ ಹಿಡಿತವೇ ಭದ್ರ ಎಂದು ವಿವರಿಸಿದೆ.

ಶಾಂತಾ ನನ್ನ ಪಾದ ನೋಡಿದಳು, ಹೊಟ್ಟೆ ನೋಡಿದಳು. "ಹಂಗಾರ ನೀವು ಸ್ಟೂಲ್ ಏರಬ್ಯಾಡ್ರಿ. ತಮ್ಮ ಹುಮನಾಬಾದಿನಿಂದ ಬರಾಕತ್ತಾನ, ಅವನೇ ಓಡಸ್ತಾನ." ಹಲ್ಲಿ ಲೊಚ್ ಎಂದಿತು. ಹಲ್ಲಿ ನುಡಿದರೆ ಆಡಿದ ಮಾತು ಖರೆ. ಕೇಳಿದವರು ಬೆರಳಿನಿಂದ ಕುಟ್ಟಬೇಕು. ಇದೆಲ್ಲ ಮೂಢನಂಬಿಕೆ ಎಂದು ತರಗತಿಯಲ್ಲಿ ಹೇಳುವವನು ನಾನೇ. ಆದರೂ ಬೆರಳು ತಾನಾಗಿ ಹೋಗಿ ಕಟ್ಟೆ ಕುಟ್ಟಿತು.

ಆಕೆಯ ತಮ್ಮ ಸಿದ್ದು ಕಡ್ಡಿಯಂಥವನು. ಹಿಂದೊಮ್ಮೆ ಬಲ್ಬ್ ಹಾಕುವಾಗ, "ಮಾಮಾ, ನೀವು ಕೆಳಗ ಸ್ಟೂಲ್ ಹಿಡೀರಿ, ಸಾಕು" ಎಂದಿದ್ದ. ನನ್ನ ಮನೆಯಲ್ಲಿ ನಾನು ಸ್ಟೂಲ್ ಹಿಡಿಯುವವನೇ? ಪಿತ್ತ ನೆತ್ತಿಗೇರಿತು. ಅವನು ಬರುವಷ್ಟರಲ್ಲಿ ಕೆಲಸ ಮುಗಿಸಲೇಬೇಕೆಂದು ಏರಿಯೇ ಬಿಟ್ಟೆ. ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದರಲ್ಲಿ ಕಿಟಕಿಯ ಸರಳು.

ಆಗಲೇ ಸಿದ್ದು ಒಳಬಂದ. "ಅಯ್ಯೋ ಮಾಮಾ, ಬೀಳ್ತೀರಿ!" ಎಂದು ಓಡಿಬಂದು ಸ್ಟೂಲ್ ಹಿಡಿದುಕೊಂಡ. ಆಹಾ, ಆ ಸುಖವನ್ನು ಏನೆಂದು ಹೇಳಲಿ!

"ಬೀಳಂಗಿಲ್ಲ!" ಎಂದು ಗುಡುಗಿದೆ.

ಲೊಚ್!

"ಕೇಳಿದ್ರ್ಯಾ? ಖರೇ, ಖರೇ!" ಎಂದು ಗೆದ್ದ ಉಬ್ಬಿನಲ್ಲಿ ಗೋಡೆ ಕುಟ್ಟಿದೆ. ಸರಳು ಹಿಡಿದಿದ್ದ ಕೈಯಿಂದ.

ನನಗೇನೂ ಆಗಲಿಲ್ಲ, ಸಿದ್ದು ಕೆಳಗಿದ್ದ. ಅವನ ಸೊಂಟಕ್ಕೆ ಶಾಂತಾ ಇನ್ನೂ ಎಣ್ಣೆ ತಿಕ್ಕುತ್ತಿದ್ದಾಳೆ. ಮಾತು ನನ್ನೊಡನೆ ಬಿಟ್ಟಿದ್ದಾಳೆ. ಆದರೆ ಹಲ್ಲಿ ಸುಳ್ಳು ನುಡಿಯಿತೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅದು ಇನ್ನೂ ಅಲ್ಲೇ ಇದೆ, ಬಿದ್ದಿಲ್ಲ. ಪಾಪ, ಅದು ಹೇಳಿದ್ದು ತನ್ನ ವಿಷಯ.