ಬಿಸಿನೀರಿನ ಪೈಪಿಗೆ ಬರೆದ ಕನ್ನಡ

ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ನಾನು ಮನೆಗೆ ಉಪಕಾರ ಮಾಡಲು ಹೊರಟಾಗಲೆಲ್ಲ ಯಾರಾದರೊಬ್ಬರು ನಗುತ್ತಾರೆ. ಕೆಲವು ದಿನಗಳ ನಂತರ ನಾನೂ ನಗುತ್ತೇನೆ, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ. ಕಳೆದ ಚಳಿಗಾಲದ ಉಪಕಾರವು ಅವ್ವನಿಗಾಗಿತ್ತು. ಬೀದರಿನ ಚಳಿಗೆ ಅವಳ ಬೆರಳುಗಳ ಸಂದುಗಳು ಸೆಟೆದುಕೊಳ್ಳುತ್ತವೆ. ಒಲೆಯ ಮೇಲೆ ಕಾಯಿಸಿದ ನೀರನ್ನು ಬಚ್ಚಲಿಗೆ ಹೊರುವುದು ತಪ್ಪಲೆಂದು, ಚಿದ್ರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಸೋಲಾರ್ ಕೂಡಿಸಿ ಪೈಪು ಎಳೆಸಲು ನಿಶ್ಚಯಿಸಿದೆ.

೧. ಹಳದಿಗಟ್ಟಿದ ಪೈಪು

ನಾನು ಅತಿಥಿ ಉಪನ್ಯಾಸಕನಾಗಿರುವ ಭಾಲ್ಕಿಯಲ್ಲಿಯೇ ಪೈಪು ಕೊಳ್ಳಲು ಹೋದೆ. ಅಂಗಡಿಯವರು ತಣ್ಣೀರಿಗೆಂದು ಬಿಳಿಯ ಪೈಪನ್ನೂ ಬಿಸಿನೀರಿಗೆಂದು ಕೆನೆಬಣ್ಣದ ಪೈಪನ್ನೂ ತೆಗೆದಿಟ್ಟರು. ಎರಡನೆಯದು ಬಿಸಿಲಿಗೆ ಬಿದ್ದು ಹಳದಿಗಟ್ಟಿದ ಹಳೆಯ ಸರಕೆಂದು ಆಕ್ಷೇಪಿಸಿದೆ. ಗ್ರಾಹಕನ ಅಜ್ಞಾನದ ಮೇಲೆ ವ್ಯಾಪಾರಿಯು ಬದುಕಬಾರದೆಂದೂ ತಿಳಿಹೇಳಿದೆ. ಬಿಳಿಯದು ಬಿಸಿನೀರಿಗೆ ಮೆತ್ತಗಾಗಿ ಜೋತುಬೀಳುವುದೆಂದು ಅವರು ಸಾವಧಾನದಿಂದ ವಿವರಿಸಿ, ಕೊನೆಗೆ ತಮ್ಮ ಬಕ್ಕತಲೆಯನ್ನು ಸವರಿಕೊಂಡರು.

“ಸರ, ಇದು ಹಳೀದಲ್ಲರಿ. ಹುಟ್ಟಿದ್ದೇ ಹಿಂಗ. ಹಳೀದಾಗಿದ್ದು ನಾನರಿ.”

೨. ಅಕ್ಷರಸೇವೆ

ಪೈಪುಗಳ ಮೈತುಂಬ ಇಂಗ್ಲಿಷ್ ಅಕ್ಷರಗಳಿದ್ದವು. ನಮ್ಮ ಮನೆಯ ನೀರು ಪರಭಾಷೆಯ ಆಶ್ರಯದಲ್ಲಿ ಹರಿಯುವುದು ನನಗೆ ಸಹಿಸಲಾಗಲಿಲ್ಲ. ಥಿನ್ನರಿನಿಂದ ಎಲ್ಲವನ್ನೂ ಒರೆಸಿ, ಗೋಡೆಗೆ ಬಳಿದು ಉಳಿದಿದ್ದ ನೀಲಿ ಬಣ್ಣವನ್ನು ಎರಡಕ್ಕೂ ಹಚ್ಚಿದೆ. ಒಣಗಿದ ಮೇಲೆ, ಯಾವುದು ಯಾವುದೆಂಬ ನೆನಪಿನ ಬಲದಿಂದ, ಗೇಣಿಗೊಮ್ಮೆ ‘ಬಿಸಿನೀರು’, ‘ತಣ್ಣೀರು’ ಎಂದು ದುಂಡಗೆ ಬರೆದೆ.

ಔರಾದಿನಿಂದ ಬಂದ ನಳದ ಮಿಸ್ತ್ರಿ ಉರ್ದು ಓದಬಲ್ಲ ಹಿರಿಯರು. ಕನ್ನಡ ಮಾತಾಡುತ್ತಾರೆ, ಓದಲಾರರು. ಪೈಪುಗಳನ್ನು ಹೊರಳಿಸಿ ಹೊರಳಿಸಿ ನೋಡಿದರು.

“ಸಾಬ್, ಕಂಪನಿ ಬರಹ, ಬಣ್ಣ ಎರಡೂ ನೋಡ್ತೇವ್ರಿ ನಾವು. ನೀವು ಎರಡೂ ಸಾಫ್ ಮಾಡೀರಿ.”

ನಾನು ಓದಿ ಹೇಳುತ್ತೇನೆಂದರೆ ಬೇಡವೆಂದು ಕೈಯಾಡಿಸಿ, ಒಂದೊಂದೇ ಪೈಪಿನ ಬಾಯೊಳಗೆ ಇಣುಕಿ ಒಳಬಣ್ಣದಿಂದ ಬೇರ್ಪಡಿಸತೊಡಗಿದರು. ನಾನು ಕಾಲೇಜಿಗೆ ಹೊರಟೆ. ನಾಡಿನಲ್ಲಿ ಅಕ್ಷರಸ್ಥರನ್ನು ಹೆಚ್ಚಿಸುವ ಪಣ ತೊಟ್ಟವನು, ಪೈಪು ಓದಬಲ್ಲ ಒಬ್ಬರನ್ನು ಅರ್ಧ ಡಬ್ಬಿ ಬಣ್ಣದಿಂದ ಅನಕ್ಷರಸ್ಥರನ್ನಾಗಿಸಿದ್ದೆ.

೩. ಭಾನುವಾರದ ಸ್ನಾನ

ವಾರವೆಲ್ಲ ಭಾಲ್ಕಿಯಲ್ಲಿದ್ದು ಭಾನುವಾರ ಮನೆಗೆ ಬರುತ್ತಿದ್ದೆ. ಹಬೆಯಾಡುವ ಬಕೆಟ್ಟು ಬಚ್ಚಲಿನಲ್ಲಿ ಸಿದ್ಧವಾಗಿರುತ್ತಿತ್ತು. ಸೂರ್ಯನ ಔದಾರ್ಯವನ್ನು ಹೊಗಳುತ್ತ ಸ್ನಾನ ಮಾಡುತ್ತಿದ್ದೆ. ಅವ್ವ ಕೇಳುತ್ತ ಬೆರಳುಗಳನ್ನು ನೀವಿಕೊಳ್ಳುತ್ತಿದ್ದಳು.

ಚಳಿ ಮುಗಿಯುವ ಹೊತ್ತಿಗೆ, ಅಡುಗೆಮನೆಯ ನಳ ಸರಿಪಡಿಸಲು ಮಿಸ್ತ್ರಿ ಮತ್ತೆ ಬಂದರು. ಕೈತೊಳೆಯಲು ಬಚ್ಚಲಿಗೆ ಹೋದವರು ‘ತಣ್ಣೀರು’ ಎಂಬ ಪೈಪಿನ ನಳ ತಿರುವಿದರು. ಹಬೆ ಎದ್ದಿತು. ನಾನು ಪಕ್ಕದ ‘ಬಿಸಿನೀರು’ ತಿರುವಿದೆ, ಕೈ ಮರಗಟ್ಟಿತು. ಅವರ ಜೋಡಣೆ ಸರಿಯಾಗಿಯೇ ಇತ್ತು. ನನ್ನ ಬರಹ ಅದಲುಬದಲಾಗಿತ್ತು.

ಅವ್ವ ಆಗ ಬಾಯಿಬಿಟ್ಟಳು. ‘ಬಿಸಿನೀರು’ ತಣ್ಣಗೇ ಬರುತ್ತಿದ್ದುದರಿಂದ ಸೋಲಾರ್ ಕೆಟ್ಟಿದೆಯೆಂದು ತಿಳಿದಿದ್ದಳು. ಮಗ ನೊಂದುಕೊಂಡಾನೆಂದು ಹೇಳದೆ, ಇಡೀ ಚಳಿಗಾಲ ಒಲೆಯ ನೀರನ್ನೇ ಹೊತ್ತಿದ್ದಳು; ನನ್ನ ಭಾನುವಾರದ ಬಕೆಟ್ಟನ್ನೂ. ಇನ್ನೊಂದು ನಳವನ್ನು ಒಮ್ಮೆಯಾದರೂ ತಿರುವಿ ನೋಡಬಾರದಿತ್ತೇ ಎಂದೆ.

“ತಣ್ಣೀರು ಅಂತ ನೀನೇ ಬರ್ದಿದ್ದಿ ಅಲ್ಲಪಾ. ಎಂ.ಎ. ಓದಿದವ.”

ಅವ್ವ ಊದಿದ ಬೆರಳುಗಳನ್ನು ಮೊದಲ ಸಲ ಆ ಬಿಸಿನೀರಿನ ಕೆಳಗೆ ಹಿಡಿದಳು. ನನ್ನ ಮುಖ ನೋಡಿ ಕರುಣೆ ಬಂದಿರಬೇಕು.

“ಇರ್ಲಿ ಬಿಡು. ಅಕ್ಷರ ಮಾತ್ರ ಭಾಳ ಚಂದ ಆಗ್ಯಾವ.”