ಶನಿವಾರ ನಾಲ್ಕು ಗಂಟೆಯ ಮಾತುಗಾರರು

ಮಾತು ಕಲಿಸುವ ಕೆಲಸಕ್ಕೆ ಇಳಿದವರಿಗೆ ನಗುವಿಗೆ ಬರ ಅನ್ನುವುದೇ ಇಲ್ಲ. ನಾನು ಚಳ್ಳಕೆರೆಯ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ದೊಡ್ಡಉಳ್ಳಾರ್ತಿ ಹುಲ್ಲುಗಾವಲಿನ ಕಡೆ ಸಂಶೋಧನಾ ಕ್ಯಾಂಪಸ್ಸುಗಳು ಬಂದ ಮೇಲೆ ಹೊರರಾಜ್ಯದ ವಿದ್ಯಾರ್ಥಿಗಳು ಊರಲ್ಲಿ ಕಾಣತೊಡಗಿದರು. ಅವರಿಗೆ ಕನ್ನಡ ಬೇಕಿತ್ತು, ನಮ್ಮವರಿಗೆ ಇಂಗ್ಲಿಷ್ ಬೇಕಿತ್ತು. ಶನಿವಾರ ಸಂಜೆ ನಾಲ್ಕಕ್ಕೆ ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದೆ.

ಮೊದಲ ದಿನ

ನಮ್ಮವರು ಇಂಗ್ಲಿಷಿನಲ್ಲಷ್ಟೇ, ಅವರು ಕನ್ನಡದಲ್ಲಷ್ಟೇ ಮಾತಾಡಬೇಕು. ಈ ನಿಯಮ ಮಾಡಿದ್ದು ನಾನೇ. ಅರ್ಧ ಗಂಟೆ ಫ್ಯಾನ್ ಬಿಟ್ಟರೆ ಬೇರೆ ಯಾರೂ ಸದ್ದು ಮಾಡಲಿಲ್ಲ. ಹೆಣ್ಣು ನೋಡಲು ಬಂದವರ ಹಾಗೆ ಒಬ್ಬರನ್ನೊಬ್ಬರು ನೋಡುವುದು, ನಗುವುದು, ತಲೆ ತಗ್ಗಿಸುವುದು. ಕಿಟಕಿಯಲ್ಲಿ ಇಣುಕಿದ ನಮ್ಮ ಲೈಬ್ರರಿಯನ್ ಒಳಗೆ ಬಂದರು. ಲೈಬ್ರರಿಯಲ್ಲಿ ಏನು ಮಾಡಿದರೂ ಇಷ್ಟು ನಿಶ್ಶಬ್ದ ಆಗುತ್ತಿಲ್ಲ, ಈ ಮಕ್ಕಳನ್ನು ದಿನಾ ಕಳಿಸಿಕೊಡಿ ಮೇಡಂ ಎಂದು ಕೇಳಿಕೊಂಡರು.

ಸಂತೆಯ ಕನ್ನಡ

ಬಿಹಾರದ ಹುಡುಗನೊಬ್ಬನಿಗೆ ನಾನೇ ಶುದ್ಧವಾದ ಕನ್ನಡ ಕಲಿಸಿದೆ. ಅವನು ಪರಶುರಾಂಪುರದ ಸಂತೆಗೆ ಹೋಗಿ, ಈರುಳ್ಳಿ ಮಾರುವ ಹೆಂಗಸಿಗೆ ಕೈಮುಗಿದು, "ಅಮ್ಮಾ, ದಯವಿಟ್ಟು ಈರುಳ್ಳಿಯ ದರವನ್ನು ತಿಳಿಸುವಿರಾ?" ಎಂದ. ಆಕೆ ದಡಬಡಿಸಿ ಎದ್ದು, ಸೆರಗು ಸರಿಮಾಡಿಕೊಂಡು, ಚೀಲದಿಂದ ರೇಷನ್ ಕಾರ್ಡು, ಆಧಾರ್ ಕಾರ್ಡು ತೆಗೆದು ಅವನ ಕೈಗಿಟ್ಟಳು. "ಎಲ್ಲಾ ಸರಿಯಾಗೈತೆ ಸಾರ್, ನೋಡ್ಕಳ್ರಿ."

ಅವನನ್ನು ಪರಶುರಾಂಪುರದ ಕಡೆಯವಳೇ ಆದ ನನ್ನ ವಿದ್ಯಾರ್ಥಿನಿಗೆ ಒಪ್ಪಿಸಿದೆ. ಕುರಿ ಸಾಕುವ ಮನೆಯ ಹುಡುಗಿ. ಅವಳು ಕಲಿಸಿದ್ದು ಎರಡೇ ಮಾತು. ಮೊದಲು "ಎಷ್ಟ್ರಿ?" ಅನ್ನಬೇಕು. ಹೇಳಿದ ಮೇಲೆ "ಬ್ಯಾಡ ಬಿಡ್ರಿ" ಅಂದು ನಾಲ್ಕು ಹೆಜ್ಜೆ ನಡೆಯಬೇಕು, ಅವರೇ ಕರೆಯುತ್ತಾರೆ. ಮುಂದಿನ ಸಂತೆಯಲ್ಲಿ ಈರುಳ್ಳಿಯವಳು ನಿಜಕ್ಕೂ ಕರೆದಳು. ಆ ಉತ್ಸಾಹದಲ್ಲೇ ಹುಡುಗ ಬಸ್ ಹತ್ತಿ ಟಿಕೆಟ್ ಎಷ್ಟ್ರಿ ಎಂದು ಕೇಳಿ, ಬ್ಯಾಡ ಬಿಡ್ರಿ ಎಂದು ಇಳಿದು ನಾಲ್ಕು ಹೆಜ್ಜೆ ನಡೆದ. ಕಂಡಕ್ಟರ್ ಕರೆಯಲಿಲ್ಲ. ರೈಟ್ ಅಂದುಬಿಟ್ಟ.

ಮೊಳಕಾಲ್ಮೂರಿನ ಅಜ್ಜಿ

ಒಡಿಶಾದ ಹುಡುಗಿಯೊಬ್ಬಳು ಮನೆಮಂದಿಯ ಜೊತೆ ಕೂತು ಭಾಷೆ ಕಲಿಯಬೇಕು ಅಂದಳು. ಮೊಳಕಾಲ್ಮೂರಿನಿಂದ ಬರುವ ನಮ್ಮ ಹುಡುಗ ತನ್ನ ಮನೆಗೆ ಕರೆದುಕೊಂಡು ಹೋದ. ರೇಷ್ಮೆ ಸೀರೆ ನೇಯುವ ಮನೆ. ಇಡೀ ದಿನ ಮಗ್ಗದ ಪಕ್ಕ ಕೂತು ಅವನ ಅಜ್ಜಿ ಹೇಳಿದ್ದನ್ನೆಲ್ಲ ಇವಳು ಬರೆದುಕೊಂಡಳು. ಶನಿವಾರ ಎದ್ದು ನಿಂತು ಎರಡು ಪುಟ ತಡವರಿಸದೆ ಓದಿದಳು. ಉಚ್ಚಾರಣೆ ಚೊಕ್ಕ, ಧೈರ್ಯಕ್ಕಂತೂ ಎಣೆಯಿಲ್ಲ. ಒಂದೇ ತೊಂದರೆ, ಅಷ್ಟೂ ತೆಲುಗು.

ಹುಡುಗ ಮನೆಗೆ ಹೋಗಿ ಅಜ್ಜಿಯನ್ನು ತರಾಟೆಗೆ ತೆಗೆದುಕೊಂಡ. ಅಜ್ಜಿ ಮಗ್ಗದಿಂದ ಕಣ್ಣು ತೆಗೆಯದೆ, "ನಮ್ಮ ಭಾಷೆ ಕಲಿಯೋಕೆ ಬಂದವಳೆ ಅಂತ ನೀನೇ ಅಂದ್ಯಲ್ಲ, ಕಲಿಸಿದೆ" ಎಂದಳಂತೆ.

ತಡವಾಗಿ ಬಂದವರು

ನಮ್ಮ ಪ್ರಿನ್ಸಿಪಾಲರು ಮೂವತ್ತು ವರ್ಷ ಕನ್ನಡದಲ್ಲೇ ಇತಿಹಾಸ ಪಾಠ ಮಾಡಿದವರು. ನಮ್ಮ ಕೂಟ ಬರೀ ಹರಟೆ ಎಂಬ ಅನುಮಾನ ಅವರಿಗೆ. ಈ ಶನಿವಾರ ಬಂದು ನೋಡುತ್ತೇನೆ, ಹುಡುಗರು ಬಾಯಿ ಬಿಡದಿದ್ದರೆ ಕೋಣೆಗೆ ಬೀಗ ಎಂದರು. ಆ ದಿನದ ಉಸ್ತುವಾರಿ ಕುರಿ ಸಾಕುವ ಮನೆಯ ಆ ಹುಡುಗಿಯದು. ಕಾಲೇಜಿಗೆ ಸೇರಿದಾಗ ಇಂಗ್ಲಿಷಿನಲ್ಲಿ ಹೆಸರು ಕೇಳಿದರೂ ಬೆವರುತ್ತಿದ್ದವಳು. ನಮ್ಮವರಲ್ಲಿ ತಡವಾಗಿ ಬಂದವರು ಇಂಗ್ಲಿಷಿನಲ್ಲಿ ಕಾರಣ ಹೇಳದೆ ಕೂರುವಂತಿಲ್ಲ ಎಂಬುದು ಅವಳ ಕಟ್ಟಪ್ಪಣೆ.

ಪ್ರಿನ್ಸಿಪಾಲರು ಹತ್ತು ನಿಮಿಷ ತಡವಾಗಿ ಬಂದರು. ಅವಳು ಎದ್ದು ನಿಂತಳು.

"ಸರ್, ವೈ ಆರ್ ಯೂ ಲೇಟ್? ಇನ್ ಇಂಗ್ಲಿಷ್, ಪ್ಲೀಸ್."

ಅವರು ನನ್ನ ಮುಖ ನೋಡಿದರು, ನಾನು ಬೋರ್ಡು ನೋಡಿದೆ. ಕೊನೆಗೆ ಅವರು ಕೈಕಟ್ಟಿ ನೆಟ್ಟಗೆ ನಿಂತು, ಕನ್ನಡ ಶಾಲೆಯಲ್ಲಿ ಓದಿದ ನಮಗೆಲ್ಲ ಬಾಯಿಪಾಠ ಬರುವ ಆ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಿದರು:

"ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಪ್ಲೀಸ್ ಗ್ರಾಂಟ್ ಮಿ ಲೀವ್ ಫಾರ್ ಟೂ ಡೇಸ್."

"ಗ್ರಾಂಟೆಡ್, ಸರ್" ಎಂದಳು ಹುಡುಗಿ.

ಕೋಣೆಗೆ ಬೀಗ ಬೀಳಲಿಲ್ಲ. ಪ್ರಿನ್ಸಿಪಾಲರು ಮಾತ್ರ ಸೋಮವಾರ, ಮಂಗಳವಾರ ಎರಡೂ ದಿನ ಕಾಲೇಜಿನ ಕಡೆ ಸುಳಿಯಲಿಲ್ಲ.